ಕೆರೆಯ ಕೊನೆಯ ಮಿಂಚುಳ್ಳಿ

ಕೊಟ್ರೇಶನಿಗೆ ಪ್ರಕೃತಿ ಎಂದರೆ ಪ್ರಾಣ. ಫೋಟೋ ತೆಗೆದ ಹಕ್ಕಿ ಆಲ್ಬಂ ಸೇರಿ ಕೊಂಬೆಯಿಂದ ಮಾಯವಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವನ ಆಲ್ಬಂನಲ್ಲಿ ಈಗ ಕೆರೆಯ ಹಕ್ಕಿಗಳೆಲ್ಲ ಇದ್ದವು, ಒಂದು ಮಿಂಚುಳ್ಳಿ ಬಿಟ್ಟು. ಅದನ್ನು ಏಳು ವರ್ಷದ ಮಗಳು ಸಿರಿಗೆಂದೇ ಉಳಿಸಿದ್ದ.

"ಉಸಿರು ಬಿಗಿಹಿಡಿ ಪುಟ್ಟಿ. ಹ್ಞೂ, ಒತ್ತು!"

ಸಿರಿ ಒತ್ತಿದಳು. ಮಿಂಚುಳ್ಳಿ ಕೂತಲ್ಲೇ ಕೂತು ಬಾಲ ಕುಣಿಸಿತು.

ಕೊಟ್ರೇಶ ಹಣೆ ಚಚ್ಚಿಕೊಂಡ. "ಲೆನ್ಸಿನ ಮುಚ್ಚಳ ಯಾರು ತೆಗೀಬೇಕೇ? ಆರು ಭಾನುವಾರದಿಂದ ಇದೇ ಆಯ್ತು!"

"ಮರೆತೋಯ್ತಪ್ಪ."

"ಕೊಡಿಲ್ಲಿ, ನಾನೇ ಹೊಡೀತೀನಿ."

ಸಿರಿ ಕ್ಯಾಮೆರಾವನ್ನು ಎದೆಗವಚಿಕೊಂಡಳು. "ಆ ಹಕ್ಕಿ ನಂದು ಅಂತ ನೀನೇ ಅಂದಿದ್ದೆ ತಾನೇ? ಮುಂದಿನ ಭಾನುವಾರ ಬರೋಣ."

"ಬಂದು?"

"ಮತ್ತೆ ಮರೀತೀನಿ."