ಹಿಂದಿನ ಗಾಜಿನ ಹದಿನೇಳು ಅಂಕಿ

ಚೌಡಯ್ಯ ತೋರುಬೆರಳನ್ನು ನಾಲಗೆಗೆ ಮುಟ್ಟಿಸಿ ಕಾರಿನ ಹಿಂದಿನ ಗಾಜಿನ ಮೇಲೆ ಇಟ್ಟರು. ಎಲೆಅಡಿಕೆಯ ಕೆಂಪು ರಸ ಗಾಜಿನ ಮೇಲೆ ನಿಧಾನವಾಗಿ ಇಳಿಯಿತು. ಸುಪ್ರಿಯಾ ಹೇಸಿ ಒಂದು ಹೆಜ್ಜೆ ಹಿಂದೆ ಸರಿದಳು.

ಭದ್ರಾವತಿಯಿಂದ ಅವಳನ್ನು ನೋಡಲು ಬಂದವರು. ವಿನೋಬನಗರದ ಮನೆಯೊಳಗೆ ಉಪ್ಪಿಟ್ಟು ಆರುತ್ತಿತ್ತು; ಹುಡುಗನ ಅಪ್ಪ ಮಾತ್ರ ಇನ್ನೂ ಬೀದಿಯಲ್ಲೇ. ಬೇರೆಯವರ ಕಾರಿನ ಮೇಲೆ ಮನೆದೇವರ ಹೆಸರಿರುತ್ತದೆ, ಮಕ್ಕಳ ಹೆಸರಿರುತ್ತದೆ. ಇವರ ಕಾರಿನ ಮೇಲೆ ಬಂಗಾರದ ಬಣ್ಣದ ಸ್ಟಿಕ್ಕರಿನಲ್ಲಿ ಒಂದು ಸಂಖ್ಯೆ:

73918264173052887

“ನನ್ನ ಮಗ ಡಾಕ್ಟರೇಟ್ ಮಾಡಿದ್ದು ಇದರ ಮೇಲೇ ಕಣಮ್ಮ. ನಾನೂ ಸುಮ್ನೆ ಅಂಟಿಸಿಲ್ಲ. ಅಷ್ಟೂ ಅಂಕಿ ಕೂಡ್ದೆ. ಎಂಬತ್ತೊಂದು. ಎಂಟೂ ಒಂದೂ ಒಂಬತ್ತು. ಕುಜನ ಸಂಖ್ಯೆ. ಮಾಚೇನಹಳ್ಳಿ ಹತ್ರ ಲಾರಿಯವನೊಬ್ಬ ಫೋಟೋ ತಗೊಂಡ. ಡೌಟಿದ್ರೆ ನೀನೂ ಕೂಡು.”

“ಬೇಡ ಬಿಡಿ.”

“ಕೂಡಮ್ಮ, ಕಾಸೇನು ಖರ್ಚಾಗಲ್ಲ.”

ಮನಸ್ಸಿನಲ್ಲೇ ಕೂಡಿದಳು. ಎಂಬತ್ತೊಂದೇ. ಅಷ್ಟರಲ್ಲೇ ಚೌಡಯ್ಯ, ಸೊಸೆಯ ಹೆಸರೂ ಒಂಬತ್ತಕ್ಕೆ ಕೂರಬೇಕು, ಇಂಗ್ಲಿಷಿನಲ್ಲಿ ಒಂದು ‘ಎ’ ಜಾಸ್ತಿ ಹಾಕಿಸೋಣ ಎಂದರು. ಅವಳ ಅಪ್ಪ ಜಯಪ್ಪ ಹಲ್ಲುಕಿರಿದು ತಲೆಯಾಡಿಸಿದರು. ಅಪ್ಪನನ್ನು ನೋಡಿಯೂ ಹೇಸಿಗೆಯಾಯಿತು.

ಟೆರೇಸಿನ ಮೇಲೆ ಹುಡುಗ ಯುವರಾಜ್ ನಗಿಸಿದ. ಇಲ್ಲದ ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು, ಅಪ್ಪನದೇ ದನಿಯಲ್ಲಿ, “ಕೂಡಮ್ಮ, ಕಾಸೇನು ಖರ್ಚಾಗಲ್ಲ” ಎಂದ.

“ನಮ್ಮಪ್ಪನಿಗೆ ಕೂಡೋದೊಂದೇ ಗೊತ್ತು ರೀ. ಆ ಸಂಖ್ಯೆಯ ನಿಜವಾದ ಗುಣ ಬೇರೆ. ಅದು ಅವಿಭಾಜ್ಯ. ಒಂದು, ಮತ್ತೆ ಅದೇ ಸಂಖ್ಯೆ. ಇವೆರಡನ್ನ ಬಿಟ್ರೆ ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ. ವರ್ಷಗಟ್ಟಲೆ ಒದ್ದಾಡಿ ನಾನೇ ಸಾಬೀತು ಮಾಡಿದೆ. ಅದಕ್ಕೇ ಡಾಕ್ಟರೇಟ್, ಅದಕ್ಕೇ ಕಾಲೇಜಲ್ಲಿ ಗಣಿತದ ಕೆಲಸ.”

“ಒಂಬತ್ತರಿಂದ್ಲೂ ಭಾಗಿಸೋಕಾಗಲ್ವಾ?”

ಯುವರಾಜ್ ಜೋರಾಗಿ ನಕ್ಕ. “ಸುತರಾಂ ಇಲ್ಲ. ನೀವೂ ನಮ್ಮಪ್ಪನ ಪಾರ್ಟಿಗೆ ಸೇರ್ಕೊಂಡ್ರಾ?”

ಇಸ್ತ್ರಿ ಮಾಡಿದ ಶರ್ಟು, ಶುಭ್ರವಾದ ಉಗುರು. ಸುಪ್ರಿಯಾ ಅವನನ್ನೇ ನೋಡುತ್ತ ನಿಂತಳು. ಕೆಳಗೆ ಚೌಡಯ್ಯ ಚರಂಡಿಗೆ ಉಗಿದ ಸದ್ದು ಕೇಳಿಸಿತು.

ಇಳಿದು ಬಂದವಳೇ ಅಡುಗೆಮನೆಗೆ ಹೋಗಿ ಬಾಯಿ ಮುಕ್ಕಳಿಸಿದಳು. ಹಿಂದೆಯೇ ಬಂದ ಜಯಪ್ಪ ಮುಖ ನೋಡಿಯೇ ಅರ್ಥಮಾಡಿಕೊಂಡರು.

“ಮಾರಾಯ್ತಿ, ಅಪ್ಪನ ಹುಚ್ಚಿಗೆ ಮಗನ್ನ ಬಿಡ್ತೀಯಾ? ನೀನು ಬಾಳುವೆ ಮಾಡೋದು ಹುಡುಗನ ಜೊತೆ. ಆ ಮನುಷ್ಯ ಹೇಳೋದೆಲ್ಲ ಬುರುಡೆ ಅಂತ ನಂಗೂ ಗೊತ್ತು.”

“ಅವರು ಕೂಡಿದ್ದು ಸರಿಯಾಗೇ ಇದೆಯಪ್ಪ. ಅಂಕಿಗಳನ್ನ ಕೂಡಿದಾಗ ಒಂಬತ್ತು ಬಂದ್ರೆ, ಆ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಒಂಬತ್ತರಿಂದ ಸಲೀಸಾಗಿ ಭಾಗವಾಗುತ್ತೆ. ಹೈಸ್ಕೂಲ್ ಲೆಕ್ಕ ಇದು. ಇದೇ ಗೊತ್ತಿಲ್ಲದ ನಿನ್ನ ಹುಡುಗ ಡಾಕ್ಟರೇಟೂ ಮಾಡಿಲ್ಲ, ಯಾವ ಕಾಲೇಜಲ್ಲೂ ಗಣಿತ ಹೇಳ್ತಿಲ್ಲ.”