ತಳ ಒಡೆದ ದೋಣಿ

ಕಡಲು ಒಳನುಗ್ಗಿದ ಬೇಲಾಪುರದ ಖಾಡಿಯ ನಡುವೆ, ಪ್ರವಾಸಿಗರಿಗೆ ಫ್ಲೆಮಿಂಗೊ ಹಕ್ಕಿಗಳನ್ನು ತೋರಿಸಿ ಹೊಟ್ಟೆ ಹೊರೆಯುವ ರಮಿತಾಳ ದೋಣಿಯಲ್ಲಿ ನೀರು ಕಣಕಾಲಿಗೆ ಬಂದಿತ್ತು. ಪಂಪು ಗುರುಗುಟ್ಟುತ್ತಿದ್ದರೂ ಕೊಳವೆಯಿಂದ ಹನಿಯೂ ಹೊರಬೀಳುತ್ತಿರಲಿಲ್ಲ.

“ತಳ ಒಡೆದಿದೆ ಮಾರಾಯ್ತಿ! ದಡ ಸೇರಿದರೆ ನಾಳೆಯೇ ಗುಜರಿಗೆ ಹಾಕುವ,” ಎಂದರು ಅಪ್ಪ ಲೋಕನಾಥ, ನೀರು ಮೊಗೆಯುತ್ತ.

“ಹಾಕುವ. ಮೊದಲು ನಾನು ನೋಡ್ತೇನೆ.” ಪಂಪು ಆರಿಸಿ, ಹಲಗೆ ಎತ್ತಿ, ಭುಜದವರೆಗೆ ಕೈ ಇಳಿಸಿದಳು. ಪಂಪಿನ ಜಾಲರಿಯಿಂದ ಬಂದದ್ದು ಕೊಳೆತ ಚೆಂಡುಹೂವಿನ ಮುದ್ದೆ. ಆಯುಧಪೂಜೆಯ ದಿನ ಅಪ್ಪನೇ ಪಂಪಿಗೆ ಮಾಲೆ ಹಾಕಿದ್ದರು.

ಗುಂಡಿ ಒತ್ತಿದೊಡನೆ ನೀರು ಭರ್ರನೆ ಹೊರಚಿಮ್ಮಿತು. ತಳ ಕಂಡ ಮೇಲೆ ಪಂಪು ನಿಲ್ಲಿಸಿ ಕಾದಳು. ಹೊಸ ನೀರು ಬರಲಿಲ್ಲ. ಇದ್ದದ್ದೆಲ್ಲ ಅಲೆ ಒಳಕ್ಕೆ ಎರಚಿದ ನೀರೇ.

ಅಪ್ಪ ಹೂವಿನ ಮುದ್ದೆಯನ್ನು ಎತ್ತಿ ನೋಡಿದರು. “ಬರುವ ವರ್ಷ ಪಂಪಿಗೆ ಕುಂಕುಮ ಮಾತ್ರ ಸಾಕು,” ಎಂದರು.