ದಾಸವಾಳ ಹೇಳಿದ ಅಳತೆ

ಗಿಡಗಳಿಗೆ ಮಾತು ಬಂದ ಮೇಲೆ, ತೋಟದ ಕಸಕ್ಕೆ ಎಷ್ಟು ದೊಡ್ಡ ಡಬ್ಬ ಬೇಕೆಂದು ನಗರಸಭೆಯವರು ಗಿಡಗಳನ್ನೂ ಒಂದು ಮಾತು ಕೇಳುತ್ತಿದ್ದರು.

"ನಮಗೆ ದೊಡ್ಡದೇ ಬೇಕು. ದೇವರ ಮೇಲಿನ ಬಾಡಿದ ಹೂವೇ ದಿನಾ ಒಂದು ಬುಟ್ಟಿ ಆಗುತ್ತೆ," ಎಂದರು ವಿಶಾಲಾಕ್ಷಮ್ಮ.

ಡಬ್ಬ ಕೊಡಲು ಬಂದಿದ್ದ ಹುಡುಗಿ ಅಂಗಳದ ದಾಸವಾಳದ ಕಡೆ ತಿರುಗಿದಳು.

"ಸಣ್ಣದು ಸಾಕಮ್ಮ," ಎಂದಿತು ಗಿಡ. "ನಾನು ಬಿಡೋದೇ ಎರಡೋ ಮೂರೋ ಹೂವು. ಮಿಕ್ಕಿದ್ದೆಲ್ಲ ಎದುರುಮನೆಯವು. ಬೆಳಕು ಹರಿಯೋಕೆ ಮುಂಚೆ ಇವರೇ ಕಿತ್ಕೊಂಡು ಬರ್ತಾರೆ."

ವಿಶಾಲಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಎದುರುಮನೆಯ ಸುಲೋಚನಾ ಗೇಟಿನ ಬಳಿಯೇ ನಿಂತು, ತಮ್ಮ ಡಬ್ಬಕ್ಕಾಗಿ ಕಾಯುತ್ತಿದ್ದರು.

"ನಮ್ಮ ಗಿಡಗಳೂ ದಿನಾ ಇದನ್ನೇ ಹೇಳ್ತವೆ," ಎಂದರು ಸುಲೋಚನಾ ಶಾಂತವಾಗಿ. "ಅವರಿಗೆ ದೊಡ್ಡದೇ ಕೊಡಮ್ಮ. ನಮ್ಮನೆಗೆ ಡಬ್ಬವೇ ಬೇಡ."